ಯೂಕ್ಲಿಡ್‌ನ ಮೊದಲ ಪ್ರಮೇಯದಲ್ಲಿ ಬಿಟ್ಟುಹೋದ ಹೆಜ್ಜೆ: ಇದನ್ನು ಸಾಧನೆ ಎನ್ನಬಹುದೇ?

ಸಮಬಾಹು (ಪ್ರಶ್ನೆ)

ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ಗಣಿತ ಪುಸ್ತಕದ ಯೂಕ್ಲಿಡ್ ಅಧ್ಯಾಯದಲ್ಲಿ, ಕೊಟ್ಟ ರೇಖಾಖಂಡದ ಮೇಲೆ ಸಮಬಾಹು ತ್ರಿಭುಜ ರಚಿಸುವ ಉದಾಹರಣೆ ಇದೆ. 'ಎಲಿಮೆಂಟ್ಸ್' ಕೃತಿಯ ಮೊದಲ ಸಂಪುಟದ ಮೊದಲ ಪ್ರಮೇಯವೇ ಅದು. ಎಬಿ ಎಂಬ ರೇಖಾಖಂಡ. ಎ ಕೇಂದ್ರವಾಗಿ ಎಬಿ ತ್ರಿಜ್ಯದ ಒಂದು ವೃತ್ತ, ಬಿ ಕೇಂದ್ರವಾಗಿ ಬಿಎ ತ್ರಿಜ್ಯದ ಇನ್ನೊಂದು ವೃತ್ತ, ಅವು ಕೂಡುವಲ್ಲಿ ಸಿ. ಎಸಿ = ಎಬಿ, ಬಿಸಿ = ಎಬಿ; ಹಾಗಾಗಿ ಮೂರು ಬಾಹುಗಳೂ ಸಮ. ಇಷ್ಟಾದ ಮೇಲೆ ಪುಸ್ತಕ ಒಂದು ಸಾಲಿನ ಟಿಪ್ಪಣಿ ಕೊಟ್ಟು ಮುಂದೆ ಹೋಗುತ್ತದೆ: ಎರಡು ವೃತ್ತಗಳು ಒಂದು ಬಿಂದುವಿನಲ್ಲಿ ಸಂಧಿಸುತ್ತವೆ ಎಂಬುದನ್ನು ಯೂಕ್ಲಿಡ್ ಎಲ್ಲೂ ಹೇಳದೆ ಒಪ್ಪಿಕೊಂಡಿದ್ದಾನೆ ಅಂತ.

ಮಕ್ಕಳು ಇಲ್ಲೇ ಹಿಡಿಯುತ್ತಾರೆ. ವೃತ್ತಗಳು ಕೂಡುವುದು ಕಣ್ಣಿಗೇ ಕಾಣುತ್ತದಲ್ಲ, ಅದನ್ನು ಬೇರೆ ಹೇಳಬೇಕೇ? ಹೇಳಲೇಬೇಕು ಎನ್ನುವುದಾದರೆ ಎರಡು ಸಾವಿರ ವರ್ಷ ಯಾರಿಗೂ ಇದು ಹೊಳೆಯಲಿಲ್ಲವೇ? ಮತ್ತೆ, ಚಿತ್ರವನ್ನು ನಂಬಬಾರದು ಅಂತಾದರೆ ರೇಖಾಗಣಿತದಲ್ಲಿ ಚಿತ್ರ ಬರೆಯುವುದಾದರೂ ಯಾಕೆ? ತಿಳಿದವರು ಹೆಜ್ಜೆ ಹೆಜ್ಜೆಯಾಗಿ ವಿವರಿಸಿದರೆ ಉಪಕಾರವಾಗುತ್ತದೆ.

ಕೈವಾರ

ಮೊದಲು ಲೆಕ್ಕ ಹಾಕಿ ನೋಡೋಣ: ಪ್ರಮೇಯದ ಯಾವ ಹೆಜ್ಜೆಗೆ ಯಾವ ಆಧಾರ. ವೃತ್ತ ಎಳೆಯುವುದಕ್ಕೆ ಮೂರನೇ ಆಧಾರ ಪ್ರತಿಜ್ಞೆ (ಸಾಧನೆ ಕೇಳದೆ ಮೊದಲೇ ಒಪ್ಪಿಕೊಂಡ ಮಾತು) ಇದೆ. ಸಿಎ, ಸಿಬಿ ಸೇರಿಸುವುದಕ್ಕೆ ಮೊದಲನೆಯದು. ತ್ರಿಜ್ಯಗಳೆಲ್ಲ ಸಮ ಎನ್ನುವುದಕ್ಕೆ ವೃತ್ತದ ವ್ಯಾಖ್ಯೆ (15ನೇ ವ್ಯಾಖ್ಯೆ). ಒಂದಕ್ಕೇ ಸಮನಾದವು ಪರಸ್ಪರ ಸಮ ಎನ್ನುವುದಕ್ಕೆ ಮೊದಲನೇ ಸ್ವಯಂಸಿದ್ಧ. "ಅವು ಕೂಡುವಲ್ಲಿ ಸಿ" ಎಂಬ ಹೆಜ್ಜೆಯ ಎದುರಿನ ಕಾಲಂ ಮಾತ್ರ ಖಾಲಿ. ಐದು ಆಧಾರ ಪ್ರತಿಜ್ಞೆಗಳಲ್ಲಿ ಯಾವುದೂ ಎರಡು ವೃತ್ತಗಳು ಕೂಡುತ್ತವೆ ಎಂದು ಹೇಳುವುದಿಲ್ಲ. ರೇಖೆಗಳು ಕೂಡುವ ಬಗ್ಗೆ ಐದನೆಯದು ಹೇಳುತ್ತದೆ, ಅಷ್ಟೇ.

ಕಾಲಂ ಖಾಲಿ ಇದ್ದರೆ ತಾನಾಗಿಯೇ ತಪ್ಪಾಗುವುದಿಲ್ಲ. ಉಳಿದವುಗಳಿಂದ ಅದು ಹೊರಡಬಹುದು. ಹೊರಡುವುದಿಲ್ಲ ಎಂದು ತೋರಿಸಲು, ಆ ಐದೂ ನಿಜವಾಗಿದ್ದು ವೃತ್ತಗಳು ಮಾತ್ರ ಕೂಡದಿರುವ ಒಂದು ಜಾಗವನ್ನು ತೋರಿಸಬೇಕು. ಅಂಥ ಜಾಗ ಹೀಗಿದೆ: ಎರಡು ನಿರ್ದೇಶಾಂಕಗಳೂ ಭಾಗಲಬ್ಧವಾಗಿರುವ ಬಿಂದುಗಳು ಮಾತ್ರ ಇರುವ ಸಮತಲ. ಎರಡು ಭಾಗಲಬ್ಧ ಬಿಂದುಗಳನ್ನು ಸೇರಿಸುವ ರೇಖೆಯ ಸಮೀಕರಣದ ಸಹಗುಣಕಗಳೂ ಭಾಗಲಬ್ಧ. ಆದ್ದರಿಂದ ಸಮಾಂತರವಲ್ಲದ ಅಂಥ ಎರಡು ರೇಖೆಗಳು ಕೂಡುವ ಬಿಂದುವೂ ಭಾಗಲಬ್ಧ. ಐದನೇ ಪ್ರತಿಜ್ಞೆಗೆ ಅಲ್ಲಿ ಧಕ್ಕೆ ಇಲ್ಲ. ಈಗ ಎ = (0, 0), ಬಿ = (1, 0) ಇಡಿ. ವೃತ್ತಗಳು ಎಕ್ಸ್² + ವೈ² = 1 ಮತ್ತು (ಎಕ್ಸ್ − 1)² + ವೈ² = 1. ಒಂದರಿಂದ ಇನ್ನೊಂದನ್ನು ಕಳೆದರೆ ಎಕ್ಸ್ = 1/2, ಆಗ ವೈ² = 3/4, ವೈ = √3/2. ಇದು ಅಭಾಗಲಬ್ಧ. ಅಂದರೆ ಆ ಸಮತಲದಲ್ಲಿ ಸಿ ಎಂಬ ಬಿಂದುವೇ ಇಲ್ಲ. ಎರಡು ವೃತ್ತಗಳು ಒಂದನ್ನೊಂದು ಮುಟ್ಟದೆ ದಾಟಿಹೋಗುತ್ತವೆ.

ಎಬಿಯನ್ನು ಬೇರೆ ಕಡೆ ಇಟ್ಟರೆ ಸರಿಹೋಗಬಹುದೇ ಎಂದು ಮಕ್ಕಳು ಕೇಳಿದರೆ ಇದನ್ನು ಕೊಡಿ. ಮೂರು ಶೃಂಗಗಳೂ ಭಾಗಲಬ್ಧವಾಗಿರುವ ತ್ರಿಭುಜದ ವಿಸ್ತೀರ್ಣ ನಿರ್ದೇಶಾಂಕ ಸೂತ್ರದ ಪ್ರಕಾರ ಭಾಗಲಬ್ಧ. ಸಮಬಾಹು ಆದರೆ ವಿಸ್ತೀರ್ಣ (√3/4) × ಬಾಹುವಿನ ವರ್ಗ. ಬಾಹುವಿನ ವರ್ಗ ಭಾಗಲಬ್ಧ, ಹಾಗಾಗಿ ವಿಸ್ತೀರ್ಣ ಅಭಾಗಲಬ್ಧ. ಎರಡೂ ಒಟ್ಟಿಗೆ ಆಗದು. ಆ ಸಮತಲದಲ್ಲಿ ಎಲ್ಲಿ ಹುಡುಕಿದರೂ ಒಂದೇ ಒಂದು ಸಮಬಾಹು ತ್ರಿಭುಜ ಸಿಗುವುದಿಲ್ಲ.

ರಿಪೇರಿ ಸುಲಭ. ಒಂದು ಆಧಾರ ಸೇರಿಸಿ: ಒಂದು ವೃತ್ತದ ಮೇಲೆ, ಇನ್ನೊಂದು ವೃತ್ತದ ಒಳಗಿನ ಒಂದು ಬಿಂದುವೂ ಹೊರಗಿನ ಒಂದು ಬಿಂದುವೂ ಇದ್ದರೆ, ಆ ವೃತ್ತಗಳು ಕೂಡುತ್ತವೆ. ಇದನ್ನು ಸೇರಿಸಿದ ಮೇಲೂ ಬಳಸುವುದಕ್ಕೆ ಎರಡು ಬಿಂದು ಬೇಕು. ಬಿ-ವೃತ್ತದ ಮೇಲೆ ಎ ಇದೆ. ಅದು ಎ-ವೃತ್ತದ ಕೇಂದ್ರ, ಆದ್ದರಿಂದ ಒಳಗೆ. ಹೊರಗಿನದಕ್ಕೆ ಎಬಿಯನ್ನು ಬಿಯ ಆಚೆ ಬೆಳೆಸಿ, ಅದು ಬಿ-ವೃತ್ತವನ್ನು ಮುಟ್ಟುವಲ್ಲಿ ಡಿ ಎನ್ನಿ; ಎಡಿ = 2 × ಎಬಿ, ಹಾಗಾಗಿ ಡಿ ಹೊರಗೆ. ಇಲ್ಲೊಂದು ಎಚ್ಚರಿಕೆ. ಡಿ ಸಿಗಲು "ಕೇಂದ್ರದಿಂದ ಹೊರಟ ರೇಖೆ ವೃತ್ತವನ್ನು ಕತ್ತರಿಸುತ್ತದೆ" ಎಂಬ ಇನ್ನೊಂದು ಆಧಾರ ಬೇಕು. ಅದರ ಬದಲು "1.3 ಬಳಸಿ ಬಿಯ ಆಚೆ ಎಬಿಯಷ್ಟು ಅಳೆದಿಡುತ್ತೇನೆ" ಎಂದು ಹಲವರು ಬರೆಯುತ್ತಾರೆ (1.3 ಎಂದರೆ ಮೊದಲ ಸಂಪುಟದ ಮೂರನೇ ಪ್ರಮೇಯ). 1.3 ನಿಂತಿರುವುದು 1.2ರ ಮೇಲೆ, 1.2 ನಿಂತಿರುವುದು 1.1ರ ಮೇಲೆ. ನಮ್ಮ ತರ್ಕಶಾಸ್ತ್ರ ಇದನ್ನೇ ಚಕ್ರಕ ದೋಷ ಎನ್ನುವುದು.

ನಿಗಮನ

ಕೈವಾರ ಅವರ ವಿವರಣೆ ಪೂರ್ತಿ ಸರಿ. ಇತಿಹಾಸದ ಕಡೆ ಸ್ವಲ್ಪ ಸೇರಿಸುತ್ತೇನೆ.

ಎರಡು ಸಾವಿರ ವರ್ಷ ಯಾರೂ ಮಾತಾಡಲಿಲ್ಲ ಎನ್ನುವುದು ನಿಜವಲ್ಲ. ಕ್ರಿ.ಪೂ. 1ನೇ ಶತಮಾನದ ಹೊತ್ತಿಗೇ ಸಿಡೋನ್ ಊರಿನ ಜೀನೋ ಎಂಬ ಎಪಿಕ್ಯೂರಿಯನ್ ತತ್ತ್ವಜ್ಞಾನಿ ಇದೇ ಮೊದಲ ಪ್ರಮೇಯದ ಮೇಲೆ ಆಕ್ಷೇಪ ಎತ್ತಿದ್ದ, ಕ್ರಿ.ಶ. 5ನೇ ಶತಮಾನದ ಪ್ರೋಕ್ಲಸ್ ತನ್ನ ವ್ಯಾಖ್ಯಾನದಲ್ಲಿ ಅದನ್ನು ದಾಖಲಿಸಿ ಉತ್ತರಿಸಲು ಯತ್ನಿಸಿದ್ದಾನೆ. ಜೀನೋ ಕೇಳಿದ್ದು ಬೇರೆ ತೂತಿನ ಬಗ್ಗೆ: ಸಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಎಯಿಂದ ಮತ್ತು ಬಿಯಿಂದ ಬಂದ ರೇಖೆಗಳು ಸಿಗಿಂತ ಮೊದಲೇ ಇ ಎಂಬಲ್ಲಿ ಕೂಡಿ, ಇಯಿಂದ ಸಿವರೆಗೆ ಒಂದೇ ಆಗಿ ಹೋದರೆ? ಆಗ ನಿಜವಾದ ತ್ರಿಭುಜ ಎಬಿಇ, ಅದರ ಇಎ, ಇಬಿ ಎರಡೂ ಎಬಿಗಿಂತ ಚಿಕ್ಕವು, ಸಮಬಾಹು ಆಗುವುದಿಲ್ಲ. ಎರಡು ಸರಳರೇಖೆಗಳಿಗೆ ಒಂದು ತುಂಡು ಸಾಮಾನ್ಯವಾಗಿ ಇರಬಾರದು ಎಂದು ಯೂಕ್ಲಿಡ್ ಎಲ್ಲೂ ಹೇಳಿರಲಿಲ್ಲ. ಈ ಆಕ್ಷೇಪ ಬಹಳ ಒಳ್ಳೆಯ ಆಕ್ಷೇಪ. ಆದರೆ ಇಷ್ಟು ಹರಿತವಾದ ಕಣ್ಣು ಕೂಡ ವೃತ್ತಗಳು ಕೂಡುವುದನ್ನು ಪ್ರಶ್ನಿಸಲಿಲ್ಲ, ಅದನ್ನು ಗಮನಿಸಿ.

ಮುಂದೆ 1557ರಲ್ಲಿ ಫ್ರಾನ್ಸಿನ ಜಾಕ್ ಪೆಲೆಟಿಯೆ ನಾಲ್ಕನೇ ಪ್ರಮೇಯಕ್ಕೆ (ಬಾಹು-ಕೋನ-ಬಾಹು ಸರ್ವಸಮತೆ, ಬಾ.ಕೋ.ಬಾ.) ತಕರಾರು ತೆಗೆದ. ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಡುವುದು ಯಂತ್ರದ ಕೆಲಸ, ರೇಖಾಗಣಿತದ ಕೆಲಸವಲ್ಲ ಎಂಬುದು ಅವನ ವಾದ. ಅದು ಸರಿಯೇ: ಆಕೃತಿ ಜಾಗ ಬದಲಿಸಿದರೂ ಅಳತೆ ಬದಲಾಗದು ಎಂಬ ಆಧಾರ ಅಲ್ಲಿಲ್ಲ. ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ 1899ರಲ್ಲಿ ಬಾ.ಕೋ.ಬಾ.ದ ತಿರುಳನ್ನೇ ಒಂದು ಆಧಾರವಾಗಿ ಇಟ್ಟುಬಿಟ್ಟ.

ವೃತ್ತಗಳ ಪ್ರಶ್ನೆ 19ನೇ ಶತಮಾನದವರೆಗೆ ಬಿಸಿಯಾಗದಿರಲು ಕಾರಣ ಇದೆ ಎನ್ನಿಸುತ್ತದೆ. ಅದಕ್ಕೆ ಮೊದಲು ಗೆರೆ ಎಂದರೆ ಅಖಂಡ ಗೆರೆ. ಬಿಂದುಗಳ ಗುಂಪು ಎಂದು ಯಾರೂ ನೋಡುತ್ತಿರಲಿಲ್ಲ. ಅಖಂಡವಾದದ್ದು ಒಳಗಿನಿಂದ ಹೊರಗೆ ಹೋದರೆ ಗಡಿ ದಾಟಲೇಬೇಕು. ಈ ನಂಬಿಕೆಯನ್ನು ಮೊದಲು ಅಲುಗಿಸಿದ್ದು ರೇಖಾಗಣಿತವಲ್ಲ, ಕಲನಶಾಸ್ತ್ರ. 1817ರಲ್ಲಿ ಪ್ರಾಗ್‌ನ ಬೊಲ್ಜಾನೋ, ಋಣದಿಂದ ಧನಕ್ಕೆ ಹೋಗುವ ಅವಿಚ್ಛಿನ್ನ ಉತ್ಪನ್ನ (ಫಂಕ್ಷನ್) ನಡುವೆ ಸೊನ್ನೆಯಾಗಲೇಬೇಕು ಎಂಬುದನ್ನು ಚಿತ್ರದ ಆಸರೆ ಇಲ್ಲದೆ ಸಾಧಿಸಲು ಹೊರಟ. ಎಕ್ಸ್² − 2 ತಗೊಳ್ಳಿ: ಎಕ್ಸ್ = 1 ಇದ್ದಾಗ −1, ಎಕ್ಸ್ = 2 ಇದ್ದಾಗ 2. ಭಾಗಲಬ್ಧ ಸಂಖ್ಯೆಗಳಷ್ಟೇ ಇದ್ದರೆ ನಡುವೆ ಎಲ್ಲೂ ಸೊನ್ನೆ ಆಗದು. ಯೂಕ್ಲಿಡ್‌ನ ಸಿ ಕಳೆದುಹೋದದ್ದೂ ಇದೇ ಸಂದಿಯಲ್ಲಿ. 1872ರಲ್ಲಿ ಡೆಡೆಕಿಂಡ್ ಆ ಸಂದಿಗಳನ್ನು ತುಂಬುವ ಬಗೆಯನ್ನು ಸ್ಪಷ್ಟವಾಗಿ ಬರೆದ. ಮೊರಿಟ್ಸ್ ಪಾಶ್ 1882ರಲ್ಲಿ "ತ್ರಿಭುಜದ ಒಂದು ಬಾಹುವನ್ನು ದಾಟಿ ಒಳಬಂದ ರೇಖೆ, ಶೃಂಗದ ಮೂಲಕ ಹೋಗದಿದ್ದರೆ, ಇನ್ನೊಂದು ಬಾಹುವನ್ನು ದಾಟಿ ಹೊರಹೋಗುತ್ತದೆ" ಎಂಬುದನ್ನೂ ಆಧಾರವಾಗಿ ಹೇಳಲೇಬೇಕು ಎಂದು ತೋರಿಸಿದ. ಹಿಲ್ಬರ್ಟ್ ಬಂದದ್ದು ಇವರೆಲ್ಲರ ಹೆಗಲ ಮೇಲೆ.

ಒಂದು ವಿಷಯ ಒತ್ತಿ ಹೇಳಬೇಕು. "ಹಾಗಾದರೆ ಯೂಕ್ಲಿಡ್‌ಗೆ ವಾಸ್ತವ ಸಂಖ್ಯೆಗಳು ಪೂರ್ತಿ ಬೇಕು" ಎಂದು ಹಲವೆಡೆ ಬರೆದಿರುತ್ತಾರೆ. ಬೇಡ. ಧನ ಸಂಖ್ಯೆಗಳಿಗೆಲ್ಲ ವರ್ಗಮೂಲ ಸಿಗುವ ವ್ಯವಸ್ಥೆ ಸಾಕು. ಪೈ ಇಲ್ಲದ, 2ರ ಘನಮೂಲ ಇಲ್ಲದ ಸಮತಲದಲ್ಲಿಯೂ ಅಳತೆಪಟ್ಟಿ-ಕೈವಾರದ ಎಲ್ಲ ರಚನೆಗಳು ನಡೆಯುತ್ತವೆ. ಇನ್ನೂ ಬಿಗಿಯಾಗಿ ನೋಡಿದರೆ 1.1ಕ್ಕೆ ಅಷ್ಟೂ ಬೇಡ. ಹಿಲ್ಬರ್ಟ್‌ನ ಆಧಾರಗಳಿಂದ ನಿರಂತರತೆಯ ಗುಂಪನ್ನು (ಗೆರೆಯಲ್ಲಿ ಸಂದಿ ಇಲ್ಲ ಎನ್ನುವ ಆಧಾರಗಳನ್ನು) ತೆಗೆದುಹಾಕಿದರೂ, ಎರಡು ಉದ್ದಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುವುದು ಸಾಧ್ಯ, ಯಾಕೆಂದರೆ ಅದು ಲಂಬಕೋನ ತ್ರಿಭುಜದ ವಿಕರ್ಣ. 1 ಮತ್ತು 1ರಿಂದ √2, 1 ಮತ್ತು √2ರಿಂದ √3. ಎಬಿಯ ಲಂಬಾರ್ಧಕದ ಮೇಲೆ √3/2 ಅಳೆದಿಟ್ಟರೆ ಸಮಬಾಹು ತ್ರಿಭುಜ ಸಿಕ್ಕಿತು, ವೃತ್ತಗಳನ್ನು ಕೂಡಿಸದೆಯೇ.

ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು 1.22, ಅಂದರೆ ಕೊಟ್ಟ ಮೂರು ಬಾಹುಗಳಿಂದ ತ್ರಿಭುಜ. ಹಿಲ್ಬರ್ಟ್‌ನದೇ ಉದಾಹರಣೆ: ವಿಕರ್ಣ 1, ಒಂದು ಬಾಹು √2 − 1 ಇರುವ ಲಂಬಕೋನ ತ್ರಿಭುಜ. ಮೂರನೇ ಬಾಹುವಿನ ವರ್ಗ 1 − (3 − 2√2) = 2√2 − 2. ಇದರ ವರ್ಗಮೂಲ ಆ ವ್ಯವಸ್ಥೆಯಲ್ಲಿ ಇಲ್ಲ. ಅಲ್ಲಿನ ಸಂಖ್ಯೆಗಳೆಲ್ಲ ವರ್ಗಗಳ ಮೊತ್ತದ ಮೂಲಗಳಿಂದ ಕಟ್ಟಿದವು. √2 ಇರುವಲ್ಲೆಲ್ಲ −√2 ಹಾಕಿದರೂ ಅವು ವಾಸ್ತವವಾಗಿಯೇ ಉಳಿಯಬೇಕು. ಇಲ್ಲಿ ಹಾಕಿದರೆ ಮೂಲದೊಳಗೆ −2√2 − 2 ಬರುತ್ತದೆ, ಅದು ಋಣ.

ಶಿಲಾರೇಖೆ

ಮೂರನೇ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ: ಚಿತ್ರ ಯಾಕೆ?

"ಚಿತ್ರವನ್ನು ನಂಬಬೇಡಿ" ಎಂಬ ಉಪದೇಶ ಅರ್ಧಸತ್ಯ. ಯೂಕ್ಲಿಡ್ ಚಿತ್ರದಿಂದ ಕೆಲವನ್ನು ಓದುತ್ತಾನೆ, ಕೆಲವನ್ನು ಎಂದೂ ಓದುವುದಿಲ್ಲ. ಈ ಗಡಿಯನ್ನು ಕೆನ್ ಮ್ಯಾಂಡರ್ಸ್ ಎಂಬ ತತ್ತ್ವಜ್ಞಾನಿ ಗುರುತಿಸಿದರು. ಆ ಲೇಖನ 1995ರಿಂದ ಕೈಯಿಂದ ಕೈಗೆ ಓಡಾಡಿ 2008ರಲ್ಲಿ ಅಚ್ಚಾಯಿತು. ಎರಡು ಉದ್ದ ಸಮ, ಎರಡು ಕೋನ ಸಮ, ಎರಡು ರೇಖೆ ಸಮಾಂತರ: ಇಂಥವು ಕೈ ಒಂದಿಷ್ಟು ನಡುಗಿದರೂ ಕೆಡುತ್ತವೆ. ಇವನ್ನು ಯೂಕ್ಲಿಡ್ ಯಾವಾಗಲೂ ಮಾತಿನಲ್ಲಿ ಸಾಧಿಸುತ್ತಾನೆ. ಈ ಬಿಂದು ಆ ತ್ರಿಭುಜದ ಒಳಗಿದೆ, ಈ ಕೋನ ಆ ಕೋನದ ಭಾಗ, ಈ ಎರಡು ಗೆರೆ ದಾಟುತ್ತವೆ: ಇಂಥವು ಚಿತ್ರ ಸೊಟ್ಟಗಿದ್ದರೂ ಹಾಗೇ ಉಳಿಯುತ್ತವೆ. ಇವನ್ನು ಮಾತ್ರ ಚಿತ್ರದಿಂದ ತೆಗೆದುಕೊಳ್ಳುತ್ತಾನೆ. 1.1ರ ಸಿ ಎರಡನೇ ಜಾತಿಯದ್ದು. ಹಾಗಾಗಿ ಅದನ್ನು ಮೈಮರೆವು ಎನ್ನಲು ನಾನು ಒಪ್ಪುವುದಿಲ್ಲ. ಆ ಪದ್ಧತಿಯ ನಿಯಮದೊಳಗೇ ಇಟ್ಟ ಹೆಜ್ಜೆ ಅದು. ಜೆರೆಮಿ ಅವಿಗಾಡ್, ಎಡ್ವರ್ಡ್ ಡೀನ್, ಜಾನ್ ಮಮ್ಮಾ 2009ರಲ್ಲಿ ಈ ನಿಯಮಗಳನ್ನೇ ಒಂದು ಪೂರ್ಣ ತರ್ಕವ್ಯವಸ್ಥೆಯಾಗಿ ಬರೆದು ತೋರಿಸಿದ್ದಾರೆ.

ಹಸ್ತಪ್ರತಿಗಳೂ ಇದಕ್ಕೆ ಸಾಕ್ಷಿ. ಮಧ್ಯಯುಗದ ಗ್ರೀಕ್ ಪ್ರತಿಗಳಲ್ಲಿ ಯಾವುದೋ ಒಂದು ತ್ರಿಭುಜ ಎಂದು ಹೇಳಿದಲ್ಲಿ ಸಮದ್ವಿಬಾಹು ಬರೆದಿರುತ್ತಾರೆ, ಯಾವುದೋ ಸಮಾಂತರ ಚತುರ್ಭುಜ ಎಂದಲ್ಲಿ ಆಯತ ಬರೆದಿರುತ್ತಾರೆ. ಕೆನ್ ಸೈತೋ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಉದ್ದ, ಕೋನಗಳನ್ನು ಯಾರೂ ಚಿತ್ರದಿಂದ ಓದುವುದಿಲ್ಲ ಎಂಬುದು ಗೊತ್ತಿದ್ದರಿಂದಲೇ ಹಾಗೆ ಬರೆದರೂ ತೊಂದರೆ ಇರಲಿಲ್ಲ.

ಆದರೆ ಎರಡನೇ ಜಾತಿಯ ಓದಿನಲ್ಲೂ ಅಪಾಯ ಇದೆ, ಅದನ್ನು ಮಕ್ಕಳಿಗೆ ಕೈಯಾರೆ ತೋರಿಸಬಹುದು. "ಎಲ್ಲ ತ್ರಿಭುಜಗಳೂ ಸಮದ್ವಿಬಾಹು" ಎಂಬ ಪ್ರಸಿದ್ಧ ಹುಸಿ ಸಾಧನೆ ಹೀಗೆ. ತ್ರಿಭುಜ ಎಬಿಸಿ. ಕೋನ ಎಯ ಅರ್ಧಕವೂ ಬಿಸಿಯ ಲಂಬಾರ್ಧಕವೂ ಓ ಎಂಬಲ್ಲಿ ಕೂಡಲಿ. ಓಯಿಂದ ಎಬಿಗೆ ಓಎಫ್, ಎಸಿಗೆ ಓಇ ಲಂಬಗಳು. ಓ ಕೋನಾರ್ಧಕದ ಮೇಲಿರುವುದರಿಂದ ಓಎಫ್ = ಓಇ, ಎಎಫ್ = ಎಇ. ಲಂಬಾರ್ಧಕದ ಮೇಲಿರುವುದರಿಂದ ಓಬಿ = ಓಸಿ. ಲಂ.ವಿ.ಬಾ. (ಲಂಬಕೋನ-ವಿಕರ್ಣ-ಬಾಹು) ಪ್ರಕಾರ ಓಎಫ್‌ಬಿ, ಓಇಸಿ ಸರ್ವಸಮ; ಎಫ್‌ಬಿ = ಇಸಿ. ಕೂಡಿಸಿ: ಎಬಿ = ಎಸಿ.

ಕೊನೆಯ ಕೂಡಿಸುವಿಕೆಯೊಂದನ್ನು ಬಿಟ್ಟು ಮೇಲಿನ ಪ್ರತಿ ಸಾಲೂ ನಿಜ. ಎಬಿ = 8, ಎಸಿ = 6 ಎಂದು ತಗೊಂಡು ನಿಖರವಾಗಿ ಚಿತ್ರ ಬರೆಸಿ. ಓ ಯಾವಾಗಲೂ ತ್ರಿಭುಜದ ಹೊರಗೆ, ಪರಿವೃತ್ತದ ಮೇಲೆ ಬೀಳುತ್ತದೆ. ಎಎಫ್ = ಎಇ = 7, ಎಫ್‌ಬಿ = ಇಸಿ = 1. ಎಫ್ ಬಿಂದು ಎಬಿಯ ಒಳಗೆ, ಹಾಗಾಗಿ ಎಬಿ = 7 + 1. ಇ ಬಿಂದು ಎಸಿಯನ್ನು ಬೆಳೆಸಿದ ಭಾಗದಲ್ಲಿ, ಹಾಗಾಗಿ ಎಸಿ = 7 − 1. ಬಿಸಿ ಎಷ್ಟೇ ಇರಲಿ ಈ 7 ಮತ್ತು 1 ಬದಲಾಗುವುದಿಲ್ಲ. ಅರೆಬರೆ ಬರೆದ ಚಿತ್ರದಲ್ಲಿ ಎರಡೂ ಪಾದಗಳು ಒಳಗೇ ಬಿದ್ದಂತೆ ಕಾಣುತ್ತವೆ. ತಪ್ಪು ನುಸುಳುವುದು ಅಲ್ಲೇ. 'ನಡುವೆ ಇದೆ' ಎಂಬ ಒಂದು ಮಾತಿಗೆ ಆಧಾರ ಕೇಳಿದ್ದರೆ ನುಸುಳುತ್ತಿರಲಿಲ್ಲ.

ಯೂಕ್ಲಿಡ್‌ನಲ್ಲೇ ಇಂಥ ಜಾಗ ನೋಡಬೇಕಾದರೆ 1.16 ನೋಡಿ: ಬಾಹ್ಯಕೋನ, ಎದುರಿನ ಒಳಕೋನಕ್ಕಿಂತ ದೊಡ್ಡದು. ಎಸಿಯ ಮಧ್ಯ ಇ; ಬಿಇಯನ್ನು ಅಷ್ಟೇ ಉದ್ದ ಎಫ್‌ವರೆಗೆ ಬೆಳೆಸುತ್ತಾನೆ; ಕೋನ ಇಸಿಎಫ್ = ಕೋನ ಎ; ಎಫ್ ಬಾಹ್ಯಕೋನದ ಒಳಗಿದೆ, ಹಾಗಾಗಿ ಬಾಹ್ಯಕೋನ ದೊಡ್ಡದು. "ಒಳಗಿದೆ" ಎಂಬುದು ಚಿತ್ರದ ಮಾತು. ಇದನ್ನೇ ಗ್ಲೋಬಿನ ಮೇಲೆ ಮಾಡಿ. ಎ ಉತ್ತರ ಧ್ರುವ, ಬಿ ಮತ್ತು ಸಿ ಸಮಭಾಜಕದ ಮೇಲೆ 120° ಅಂತರದಲ್ಲಿ. ಕೋನ ಎ = 120°, ಸಿಯಲ್ಲಿ ಬಾಹ್ಯಕೋನ 90°. ಪ್ರಮೇಯ ಸುಳ್ಳಾಯಿತು. ಯಾಕೆ? ಇ ಇರುವುದು ಸಿಯ ರೇಖಾಂಶದಲ್ಲಿ 45° ಅಕ್ಷಾಂಶದ ಮೇಲೆ. ಬಿಇಯ ಕೋಸೈನ್ 0.7071 × (−0.5), ಅಂದರೆ ಬಿಇ ಸುಮಾರು 110.7°. ಎರಡು ಪಟ್ಟು ಮಾಡಿದರೆ 180° ದಾಟಿ, ಎಫ್ ಸಮಭಾಜಕದ ಕೆಳಗೆ ಇಳಿದು ಬಾಹ್ಯಕೋನದ ಹೊರಗೆ ಬೀಳುತ್ತದೆ. ಅಂತರ 60° ಇಟ್ಟು ನೋಡಿ, ಎಫ್ ಮೇಲೆಯೇ ಉಳಿಯುತ್ತದೆ, ಪ್ರಮೇಯವೂ ಉಳಿಯುತ್ತದೆ.

ಸಮಬಾಹು

ಎಲ್ಲರಿಗೂ ವಂದನೆಗಳು. 7 + 1, 7 − 1 ಲೆಕ್ಕ ನಾಳೆಯೇ ಬೋರ್ಡಿನ ಮೇಲೆ ಬರುತ್ತದೆ. ಇನ್ನೆರಡು ಕೇಳಲೇ? ಭಾಸ್ಕರಾಚಾರ್ಯ ಚಿತ್ರ ಬರೆದು "ನೋಡು" ಎಂದಷ್ಟೇ ಹೇಳಿದ, ಅದೇ ಸಾಧನೆ ಎನ್ನುತ್ತಾರಲ್ಲ, ಅದನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಮತ್ತೆ, ಈ ತೂತುಗಳನ್ನೆಲ್ಲ ಮುಚ್ಚಿದ ಮೇಲೆ ಕಂಪ್ಯೂಟರ್ ಎಲ್ಲ ಪ್ರಮೇಯಗಳನ್ನೂ ತಾನೇ ತೀರ್ಮಾನಿಸಬಹುದೇ, ಅಥವಾ ಗೋಡೆಲ್ ಅಡ್ಡ ಬರುತ್ತಾನೆಯೇ?

ಉಪಪತ್ತಿ

"ನೋಡು" ಕಥೆ ಎಲ್ಲೆಡೆ ಓಡಾಡುತ್ತದೆ, ಆದರೆ 'ಬೀಜಗಣಿತ' ಗ್ರಂಥದಲ್ಲಿ ಭಾಸ್ಕರ ಲೆಕ್ಕವನ್ನೇ ಕೊಟ್ಟಿದ್ದಾನೆ. ಲಂಬಕೋನದ ಎರಡು ಬಾಹುಗಳಾದ ಭುಜ 15, ಕೋಟಿ 20 ಇದ್ದರೆ ಕರ್ಣ (ವಿಕರ್ಣ) ಎಷ್ಟು, ಮತ್ತು ರೂಢಿಯಲ್ಲಿರುವ ಈ ಗಣಿತದ ಉಪಪತ್ತಿ (ಸಮರ್ಥನೆ) ಏನು ಎಂದು ಅವನೇ ಪ್ರಶ್ನೆ ಹಾಕುತ್ತಾನೆ. ಸಂಖ್ಯೆಗಳನ್ನು ಹೇಳುವುದು ತಿಥಿ (15), ನಖ (20) ಎಂದು. ಉತ್ತರ ಎರಡು ದಾರಿಯಲ್ಲಿ. ಒಂದು: ಲಂಬಕೋನದ ಶೃಂಗದಿಂದ ಕರ್ಣಕ್ಕೆ ಲಂಬ ಇಳಿಸಿ, ಅನುಪಾತದಿಂದ ಕರ್ಣದ ಎರಡು ತುಂಡುಗಳು 225/ಕ ಮತ್ತು 400/ಕ; ಅವುಗಳ ಮೊತ್ತ ಕ; ಹಾಗಾಗಿ ಕ² = 625, ಕ = 25. ಇನ್ನೊಂದು: ಅಂಥ ನಾಲ್ಕು ತ್ರಿಭುಜಗಳನ್ನು ಕರ್ಣ ಹೊರಗೆ ಬರುವಂತೆ ಜೋಡಿಸಿದರೆ ನಡುವೆ 20 − 15 = 5 ಬಾಹುವಿನ ಚೌಕ ಉಳಿಯುತ್ತದೆ. ನಾಲ್ಕು ತ್ರಿಭುಜಗಳ ವಿಸ್ತೀರ್ಣ 4 × 150 = 600, ನಡುವಿನದು 25, ಒಟ್ಟು 625.

ಇಲ್ಲಿಯೂ ಶಿಲಾರೇಖೆ ಅವರು ಹೇಳಿದ ಎರಡು ಜಾತಿ ಹಚ್ಚಿ ನೋಡಬಹುದು. ತ್ರಿಭುಜಗಳು ಒಂದರ ಮೇಲೊಂದು ಬೀಳುವುದಿಲ್ಲ ಎಂಬುದು ಚಿತ್ರದಿಂದ ಬಂದದ್ದು. ಹೊರಗಿನ ಆಕೃತಿ ನಿಜವಾಗಿ ಚೌಕ ಎನ್ನುವುದಕ್ಕೆ ಮಾತ್ರ, ಪ್ರತಿ ಮೂಲೆಯಲ್ಲೂ ಕೂಡುವ ಎರಡು ಕಿರುಕೋನಗಳು 90° ಆಗುತ್ತವೆ ಎಂಬ ವಾದ ಬೇಕು.

ಆದರೆ ಉಪಪತ್ತಿಯ ಗುರಿಯೇ ಬೇರೆ, ಅದನ್ನು ಯೂಕ್ಲಿಡ್‌ನ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ. ಗೋಲಾಧ್ಯಾಯದಲ್ಲಿ ಭಾಸ್ಕರ ಹೇಳುತ್ತಾನೆ: ಉಪಪತ್ತಿ ಇಲ್ಲದೆ ಗಣಕ "ಪ್ರೌಢಿಂ ಪ್ರೌಢಸಭಾಸು ನೈತಿ ಗಣಕೋ ನಿಃಸಂಶಯೋ ನ ಸ್ವಯಮ್", ಅಂದರೆ ವಿದ್ವಾಂಸರ ಸಭೆಯಲ್ಲಿ ಮನ್ನಣೆ ಪಡೆಯಲಾರ, ತನ್ನ ಸಂಶಯವನ್ನೂ ಕಳೆದುಕೊಳ್ಳಲಾರ. ಕೆಲವೇ ಆಧಾರಗಳನ್ನು ಮೊದಲೇ ಪಟ್ಟಿ ಮಾಡಿ ಅವುಗಳಿಂದಷ್ಟೇ ಎಲ್ಲವನ್ನೂ ಹೊರಡಿಸುತ್ತೇನೆ ಎಂಬ ಹಂಬಲ ಆ ಪರಂಪರೆಗೆ ಇರಲಿಲ್ಲ. ಪಟ್ಟಿಯೇ ಇಲ್ಲದಲ್ಲಿ "ಪಟ್ಟಿಯಲ್ಲಿ ಇಲ್ಲದ ಹೆಜ್ಜೆ ಬಳಸಿದ್ದಾನೆ" ಎಂಬ ದೋಷ ಹೊರಿಸಲು ಆಗದು. ತರ್ಕವೇ ಇರಲಿಲ್ಲ ಎಂದಲ್ಲ. ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ರಾಷ್ಟ್ರಕೂಟರ ನಾಡಿನ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಎಂದ. ಭಾಸ್ಕರನ ಬೀಜಗಣಿತಕ್ಕೆ 1600ರ ಸುಮಾರಿಗೆ ವ್ಯಾಖ್ಯಾನ ಬರೆದ ಕೃಷ್ಣ ದೈವಜ್ಞ ಅದೇ ಮಾತನ್ನು ವಾದಕ್ಕೆ ಇಳಿಸುತ್ತಾನೆ: ಋಣವೂ ವರ್ಗ ಎನ್ನುವುದಾದರೆ ಯಾವುದರ ವರ್ಗ ಹೇಳು, ಧನದ್ದಲ್ಲ, ಅದರ ವರ್ಗ ಧನ, ಋಣದ್ದೂ ಅಲ್ಲ, ಅದರ ವರ್ಗವೂ ಧನ.

ಯೂಕ್ಲಿಡ್ ಸಂಸ್ಕೃತಕ್ಕೆ ಬಂದದ್ದು ಬಹಳ ತಡವಾಗಿ, 18ನೇ ಶತಮಾನದ ಮೊದಲ ಭಾಗದಲ್ಲಿ. ಸವಾಯಿ ಜಯಸಿಂಹನ ಆಸ್ಥಾನದ ಜಗನ್ನಾಥ ಸಮ್ರಾಟ್, ನಾಸಿರುದ್ದೀನ್ ತೂಸಿಯ ಅರಬ್ಬಿ ಪಾಠದಿಂದ 'ರೇಖಾಗಣಿತ' ಎಂಬ ಹೆಸರಿನಲ್ಲಿ ಅದನ್ನು ತಂದ.

ನಿಗಮನ

ಗೋಡೆಲ್ ಪ್ರಶ್ನೆಗೆ ಉತ್ತರ, ನೀವು ಯಾವ ಆಧಾರಗಳನ್ನು ಇಟ್ಟುಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ.

ಗೋಡೆಲ್‌ನ 1931ರ ಅಪೂರ್ಣತಾ ಪ್ರಮೇಯ (ಸಾಧಿಸಲೂ ಅಲ್ಲಗಳೆಯಲೂ ಆಗದ ಹೇಳಿಕೆಗಳು ಇದ್ದೇ ಇರುತ್ತವೆ ಎಂಬುದು) ಒಂದು ವ್ಯವಸ್ಥೆಗೆ ಅನ್ವಯಿಸಬೇಕಾದರೆ, ಆ ವ್ಯವಸ್ಥೆಯಲ್ಲಿ ಪೂರ್ಣಾಂಕಗಳ ಕೂಡುವಿಕೆ, ಗುಣಾಕಾರಗಳ ಬಗ್ಗೆ ಮಾತಾಡುವಷ್ಟು ಶಕ್ತಿ ಇರಬೇಕು. ಆಲ್‌ಫ್ರೆಡ್ ತಾರ್ಸ್ಕಿ ಕಟ್ಟಿದ ರೇಖಾಗಣಿತದಲ್ಲಿ ಅದಿಲ್ಲ: "ಈ ಉದ್ದ ಒಂದು ಪೂರ್ಣಾಂಕ" ಎಂದು ಆ ಭಾಷೆಯಲ್ಲಿ ಬರೆಯಲಿಕ್ಕೇ ಬರುವುದಿಲ್ಲ. ಆದ್ದರಿಂದ ಗೋಡೆಲ್ ಅಲ್ಲಿ ಅಡ್ಡ ಬರುವುದಿಲ್ಲ. ಅದು ಪೂರ್ಣ, ಮತ್ತು ಯಾವ ಹೇಳಿಕೆ ಕೊಟ್ಟರೂ ನಿಜವೋ ಸುಳ್ಳೋ ಹೇಳುವ ವಿಧಾನ ಇದೆ. ತಾರ್ಸ್ಕಿ ಆ ವಿಧಾನವನ್ನು ಪ್ರಕಟಿಸಿದ್ದು 1948ರಲ್ಲಿ. ಬಳಕೆಯಲ್ಲಿ ತೊಡಕು ವೇಗದ್ದು. 1975ರಲ್ಲಿ ಜಾರ್ಜ್ ಕಾಲಿನ್ಸ್ ಕೊಟ್ಟ ಸುಧಾರಿತ ವಿಧಾನಕ್ಕೂ, ಚರಾಕ್ಷರಗಳು ಹೆಚ್ಚಿದಂತೆ ಕೆಲಸ ಘಾತದ ಮೇಲೆ ಘಾತವಾಗಿ ಬೆಳೆಯುತ್ತದೆ.

ಇನ್ನು ಅಳತೆಪಟ್ಟಿ-ಕೈವಾರಕ್ಕೆ ಸಾಕಾಗುವಷ್ಟೇ ಆಧಾರಗಳನ್ನು, ಅಂದರೆ ವರ್ಗಮೂಲದವರೆಗೆ ಮಾತ್ರ, ಇಟ್ಟುಕೊಂಡರೆ ಕಥೆ ತಿರುಗುತ್ತದೆ. 1982ರಲ್ಲಿ ಮಾರ್ಟಿನ್ ಜೀಗ್ಲರ್ ಸಾಧಿಸಿದ ಪ್ರಕಾರ ಅದಕ್ಕೆ ತೀರ್ಮಾನ ವಿಧಾನ ಇರಲು ಸಾಧ್ಯವೇ ಇಲ್ಲ. ಹೆಚ್ಚು ಆಧಾರ ಇರುವ ತಾರ್ಸ್ಕಿಯ ರೇಖಾಗಣಿತ ತೀರ್ಮಾನಕ್ಕೆ ಸಿಗುತ್ತದೆ, ಕಡಿಮೆ ಇರುವ ಯೂಕ್ಲಿಡ್‌ನದು ಸಿಗುವುದಿಲ್ಲ. ಮೊದಲ ಸಲ ಓದಿದಾಗ ತಲೆಕೆಳಗು ಎನ್ನಿಸುತ್ತದೆ. ಆದರೆ ಆಧಾರ ಕಡಿಮೆಯಾದಷ್ಟೂ ಅವುಗಳಿಗೆ ಒಪ್ಪುವ ಸಮತಲಗಳು ಹೆಚ್ಚು, ಅವುಗಳಲ್ಲಿ ಪೂರ್ಣಾಂಕಗಳನ್ನು ಬಣ್ಣಿಸಬಲ್ಲವೂ ಇರುತ್ತವೆ.

ತೀರ್ಮಾನಿಸುವುದು ಬೇರೆ, ಬರೆದ ಸಾಧನೆಯನ್ನು ಪರೀಕ್ಷಿಸುವುದು ಬೇರೆ. ಎರಡನೆಯದು ಆಗಿದೆ. ಮೈಕೇಲ್ ಬೀಸನ್, ಜೂಲಿಯನ್ ನಾರ್ಬೂ, ಫ್ರೀಕ್ ವೀಡೈಕ್ 2019ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮೊದಲ ಸಂಪುಟದ 48 ಪ್ರಮೇಯಗಳನ್ನೂ ಬಿಟ್ಟ ಹೆಜ್ಜೆ ತುಂಬಿಸಿ, 'ಹೋಲ್ ಲೈಟ್' ಮತ್ತು 'ಕಾಕ್' ಎಂಬ ಎರಡು ಸಾಧನಾ-ಪರೀಕ್ಷಕ ತಂತ್ರಾಂಶಗಳಲ್ಲಿ ಪರೀಕ್ಷಿಸಿದ್ದಾರೆ.

ಕೈವಾರ

ತರಗತಿಗೆ ಉಪಯೋಗವಾಗುವ ಒಂದು ಸಲಹೆ. ಬಿಟ್ಟುಹೋದ ಹೆಜ್ಜೆಯನ್ನು ಹುಡುಕಲು ಮಕ್ಕಳಿಗೆ ಇದನ್ನು ಕಲಿಸಿ: ಪ್ರಮೇಯದ ದತ್ತಾಂಶವನ್ನೆಲ್ಲ ಪಟ್ಟಿ ಮಾಡಿ, ಸಾಧನೆಯಲ್ಲಿ ಪ್ರತಿಯೊಂದನ್ನೂ ಎಲ್ಲಿ ಬಳಸಿದ್ದಾರೆ ಎಂದು ಗೆರೆ ಹಾಕುತ್ತಾ ಹೋಗಲಿ. ಬಳಕೆಯೇ ಆಗದ ಷರತ್ತು ಉಳಿದರೆ, ಒಂದೋ ಆ ಷರತ್ತು ಬೇಡವಾಗಿತ್ತು, ಇಲ್ಲವೇ ಎಲ್ಲೋ ಒಂದು ಹೆಜ್ಜೆ ಚಿತ್ರದೊಳಗೆ ಅಡಗಿದೆ.

1.22 ಇದಕ್ಕೆ ಹೇಳಿ ಮಾಡಿಸಿದಂತಿದೆ. ಯಾವ ಎರಡು ಬಾಹುಗಳ ಮೊತ್ತವೂ ಮೂರನೆಯದಕ್ಕಿಂತ ಹೆಚ್ಚಿರಬೇಕು ಎಂಬ ಷರತ್ತನ್ನು ಯೂಕ್ಲಿಡ್ ಹೇಳಿಕೆಯಲ್ಲೇ ಹಾಕಿದ್ದಾನೆ. ಸಾಧನೆಯನ್ನು ಸಾಲು ಸಾಲಾಗಿ ಓದಿ: ಆ ಷರತ್ತನ್ನು ಯಾವ ಹೆಜ್ಜೆಗೂ ಆಧಾರವಾಗಿ ಬಳಸಿಲ್ಲ. ಈಗ 3, 4, 8 ಕೊಟ್ಟು ಅವನ ಹೆಜ್ಜೆಗಳನ್ನೇ ಕೈವಾರದಿಂದ ಮಾಡಿಸಿ. 8ನ್ನು ಪಾದವಾಗಿ ಇಟ್ಟು 3 ಮತ್ತು 4 ತ್ರಿಜ್ಯದ ವೃತ್ತ ಎಳೆದರೆ, ನಡುವೆ 1 ಸೆಂ.ಮೀ. ಬಿಟ್ಟು ಎರಡೂ ದೂರ ನಿಲ್ಲುತ್ತವೆ. 4ನ್ನು ಪಾದವಾಗಿ ಇಟ್ಟು 3 ಮತ್ತು 8 ತ್ರಿಜ್ಯ ತಗೊಂಡರೆ ಚಿಕ್ಕದು ದೊಡ್ಡದರ ಹೊಟ್ಟೆಯೊಳಗೆ ಕೂರುತ್ತದೆ, ಯಾಕೆಂದರೆ 4 + 3 = 7, 8 ಮುಟ್ಟುವುದಿಲ್ಲ. ಷರತ್ತಿನ ಕೆಲಸವೆಲ್ಲ "ವೃತ್ತಗಳು ಕೂಡುವಲ್ಲಿ" ಎಂಬ ಎರಡು ಪದಗಳೊಳಗೆ ಮುಗಿದುಹೋಗಿದೆ ಎಂದು ಆಗ ಅವರಿಗೇ ಕಾಣುತ್ತದೆ. ಆಮೇಲೆ 3, 4, 7 ಕೊಡಿ; ವೃತ್ತಗಳು ಒಂದೇ ಬಿಂದುವಿನಲ್ಲಿ ಮುಟ್ಟಿ, ಆ ಬಿಂದು ಪಾದದ ಮೇಲೆಯೇ ಕೂರುತ್ತದೆ. ಷರತ್ತು "ಹೆಚ್ಚಿರಬೇಕು" ಎಂದಿದೆ, "ಕಡಿಮೆ ಇರಬಾರದು" ಎಂದಿಲ್ಲ. ಅದು ಯಾಕೆಂದು ಬರೆಯುವುದನ್ನು ಮನೆಕೆಲಸಕ್ಕೆ ಕೊಡಬಹುದು.